ಇಂಗಳದಾಳ್ ತಾಮ್ರದ ಹಿಂದೆ ಹನ್ನೊಂದು ತಿಂಗಳು

ಕಳೆದ ವಾರ ನನ್ನ ಎಂ.ಎಸ್ಸಿ. ಪ್ರಾಜೆಕ್ಟಿನ ವೈವಾ ಮುಗಿಯಿತು. ಚಿತ್ರದುರ್ಗದ ಪಕ್ಕದಲ್ಲೇ ಇರುವ ಇಂಗಳದಾಳ್‌ನ ತಾಮ್ರದ ಅದಿರು ನನ್ನ ವಿಷಯ. ಬರೀ ತಾಮ್ರ ಅಲ್ಲ. ಜೊತೆಗೆ ಸತು, ಸೀಸ, ಒಂಚೂರು ಕೋಬಾಲ್ಟ್ ಕೂಡ ಸೇರಿಕೊಂಡಿರುವ ಅದಿರು. ಅಲ್ಲಿ ಹಿಂದಿನವರು ಏನೇನು ಹುಡುಕಿದ್ದಾರೆ, ಅದಿರು ಕಲ್ಲಿನೊಳಗೆ ಹೇಗೆ ಕೂತಿದೆ, ಇವೆರಡನ್ನೂ ಬರೆದುಕೊಡಬೇಕಿತ್ತು. ಜುಲೈನಲ್ಲಿ ಶುರು ಮಾಡಿದಾಗ ನಾಲ್ಕು ತಿಂಗಳ ಕೆಲಸ ಅಂದುಕೊಂಡಿದ್ದೆ. ಹನ್ನೊಂದು ತಿಂಗಳು ಹಿಡಿಯಿತು. ಅದರಲ್ಲಿ ಗುಡ್ಡದ ಮೇಲೆ ಇದ್ದದ್ದು ಹದಿನಾಲ್ಕೇ ದಿನ. ಉಳಿದದ್ದೆಲ್ಲ ಕಾಗದ ಹುಡುಕುವುದರಲ್ಲಿ, ಉತ್ತರಕ್ಕೆ ಕಾಯುವುದರಲ್ಲಿ ಹೋಯಿತು. ಮುಂದಿನ ವರ್ಷ ಇಂಥದ್ದೇ ವಿಷಯ ತಗೊಳ್ಳುವವರಿಗೆ ಇಷ್ಟು ಅಲೆದಾಟ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ತೊಡಕು ಊರಿನ ಹೆಸರಲ್ಲೇ ಇತ್ತು. ನಾವು ಇಂಗಳದಾಳ್ ಅನ್ನುತ್ತೇವೆ. ಇಂಗ್ಲಿಷ್ ವರದಿಗಳಲ್ಲಿ ಅದು ಇಂಗಲ್‌ಧಾಲ್, ಇಂಗಲ್ದಾಲ್, ಇಂಗಲಧಾಲು, ಹೀಗೆ ಬರೆದವರಿಗೆ ತೋಚಿದ ಹಾಗೆ ಇದೆ. ಒಂದು ಸ್ಪೆಲ್ಲಿಂಗ್ ಹಾಕಿ ಹುಡುಕಿದರೆ ಇನ್ನೊಂದು ಸ್ಪೆಲ್ಲಿಂಗಿನ ವರದಿ ಸಿಗುವುದಿಲ್ಲ. ಎರಡು ವಾರ ಹುಡುಕಿ, ಈ ಜಾಗದ ಬಗ್ಗೆ ಯಾರೂ ಹೆಚ್ಚು ಬರೆದೇ ಇಲ್ಲ ಅಂತ ನಮ್ಮ ಗೈಡ್ ಮೇಡಂ ಹತ್ತಿರ ಹೇಳಿದೆ. ಅವರು ನನ್ನ ಪಟ್ಟಿ ನೋಡಿ, "ಚಿತಲ್‌ದ್ರೂಗ್ ಅಂತ ಹುಡುಕಿದ್ಯಾ?" ಅಂದರು. ಹುಡುಕಿರಲಿಲ್ಲ. ಬ್ರಿಟಿಷರ ಕಾಲದ ಕಾಗದಗಳಲ್ಲಿ ಚಿತ್ರದುರ್ಗಕ್ಕೆ ಇರುವ ಹೆಸರು ಅದೇ. 1973ಕ್ಕೆ ಮುಂಚಿನ ವರದಿಗಳಲ್ಲಿ ಕರ್ನಾಟಕ ಅನ್ನುವ ಪದವೂ ಇರುವುದಿಲ್ಲ, ಮೈಸೂರು ರಾಜ್ಯ ಅಂತಲೇ ಹುಡುಕಬೇಕು. ಪಕ್ಕದ ಚಿನ್ನದ ಜಾಗ ಗುಡ್ಡದರಂಗವ್ವನಹಳ್ಳಿ ಎಲ್ಲ ಕಡೆ ಜಿ.ಆರ್. ಹಳ್ಳಿ ಆಗಿಬಿಟ್ಟಿದೆ. ಹಾಗಾಗಿ ಕೆಲಸ ಶುರು ಮಾಡುವ ಮೊದಲ ದಿನವೇ ಒಂದು ಹಾಳೆಯಲ್ಲಿ ಊರಿನ ಎಲ್ಲ ರೂಪದ ಹೆಸರು ಬರೆದಿಟ್ಟುಕೊಳ್ಳಿ. ನನಗೆ ಆ ಹಾಳೆಯೊಂದರಿಂದಲೇ ಹದಿನೇಳು ಹೊಸ ವರದಿ, ಲೇಖನ ಸಿಕ್ಕವು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಅಂದರೆ ನಾವು ಜಿ.ಎಸ್.ಐ. ಅನ್ನುವ ಸಂಸ್ಥೆಯ ಹಳೆ ವರದಿಗಳು ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. ಭೂಕೋಶ್ ಪೋರ್ಟಲ್ ಇದೆ. 2023ರ ಕೊನೆಯಲ್ಲಿ ಶುರುವಾದ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರವೂ ಇದೆ. ಎರಡಕ್ಕೂ ಮೊದಲು ನೋಂದಣಿ ಮಾಡಿಕೊಳ್ಳಬೇಕು. ಊರಿನ ಹೆಸರಿನ ಬದಲು ಟೋಪೋಶೀಟ್, ಅಂದರೆ ಸರ್ವೆ ನಕ್ಷೆಯ ಹಾಳೆಯ ನಂಬರ್ ಹಾಕಿ ಹುಡುಕಿದರೆ ಕೆಲಸ ಬೇಗ ಆಗುತ್ತದೆ. ಇಂಗಳದಾಳ್ ಕಡೆಗೆ ಅದು 57 ಬಿ/8. ವರದಿಗಳ ಮೇಲೆ ಎಫ್.ಎಸ್. ಅಂತ ಎರಡು ವರ್ಷ ಸೇರಿಸಿ ಬರೆದಿರುತ್ತಾರೆ. ಅದು ಫೀಲ್ಡ್ ಸೀಸನ್, ಅಂದರೆ ಕೆಲಸ ನಡೆದ ವರ್ಷ, ಹಳೆ ವರದಿಗಳಲ್ಲಿ ಅಕ್ಟೋಬರ್‌ನಿಂದ ಮುಂದಿನ ಸೆಪ್ಟೆಂಬರ್‌ವರೆಗೆ. ನಾನು ಅದನ್ನು ವರದಿ ಅಚ್ಚಾದ ವರ್ಷ ಅಂದುಕೊಂಡು ಮೊದಲ ಅಧ್ಯಾಯದಲ್ಲಿ ಕ್ರಮವನ್ನೇ ತಪ್ಪಾಗಿ ಬರೆದಿದ್ದೆ. ಪೂರ್ತಿ ತಿದ್ದಬೇಕಾಯಿತು.

ಇತಿಹಾಸದ ಭಾಗ ಓದುತ್ತ ಓದುತ್ತ ನನಗೆ ತುಂಬ ಹಿಡಿಸಿತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಈ ಕಪ್ಪು-ಹಸಿರು ಕಲ್ಲಿನ ಪಟ್ಟಿಗಳನ್ನು ನಡೆದೇ ನೋಡಿ, ಸುತ್ತಲಿನ ಗ್ರಾನೈಟ್‌ನಿಂದ ಬೇರೆ ಮಾಡಿ, ಧಾರವಾಡ ಅನ್ನುವ ಹೆಸರು ಕೊಟ್ಟರು. ಇವತ್ತಿಗೂ ಪ್ರಪಂಚದ ಭೂವಿಜ್ಞಾನಿಗಳೆಲ್ಲ ನಮ್ಮ ಧಾರವಾಡದ ಹೆಸರು ಹೇಳುವುದು ಅದರಿಂದಲೇ. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ಶುರು ಮಾಡಿದಾಗ ಅದನ್ನು ಕಟ್ಟಲು ಬಂದವರೂ ಫೂಟ್ ಅವರೇ. ಅವರ ನಂತರ ಸ್ಮೀತ್, ಸಂಪತ್ ಅಯ್ಯಂಗಾರ್, ಬಿ. ರಾಮರಾವ್, ಬಿ.ಪಿ. ರಾಧಾಕೃಷ್ಣ ಅಂಥವರು ಆ ಕೆಲಸವನ್ನು ಮುಂದಕ್ಕೆ ಒಯ್ದರು. ಇಲಾಖೆಯ ಹಳೆ ರೆಕಾರ್ಡ್ಸ್ ಸಂಪುಟಗಳನ್ನು ದಯವಿಟ್ಟು ಬಿಡಬೇಡಿ. ಅಕ್ಷರ ಮಸುಕಾಗಿದೆ, ಹಾಳೆ ಮುರಿಯುತ್ತದೆ, ಆದರೆ ಆ ಕಾಲದವರು ಕಂಡದ್ದನ್ನು ಕಂಡ ಹಾಗೆ ಬರೆದಿದ್ದಾರೆ. ಎಷ್ಟು ಹೆಜ್ಜೆ, ಯಾವ ಹಳ್ಳದ ದಡ, ಕಲ್ಲಿನ ಬಣ್ಣ ಏನು, ಎಲ್ಲ ಇದೆ. ಆ ಗುರುತು ಹಿಡಿದು ಇವತ್ತಿಗೂ ಕೆಲವು ಜಾಗಕ್ಕೆ ನಡೆದು ಹೋಗಬಹುದು.

ಆ ಸಂಪುಟಗಳಲ್ಲಿ ಅಳತೆಗಳು ಅಡಿ ಲೆಕ್ಕದಲ್ಲಿರುತ್ತವೆ, ಚಿನ್ನದ ಪ್ರಮಾಣ ಪೆನಿವೇಟ್ ಲೆಕ್ಕದಲ್ಲಿರುತ್ತದೆ. ಒಂದು ಲಾಂಗ್ ಟನ್ನಿಗೆ ಒಂದು ಪೆನಿವೇಟ್ ಅಂದರೆ ಈಗಿನ ಟನ್ನಿಗೆ ಸುಮಾರು 1.53 ಗ್ರಾಂ. ಮೊದಲೇ ಲೆಕ್ಕ ಹಾಕಿ ಒಂದು ಪಟ್ಟಿ ಮಾಡಿಟ್ಟುಕೊಳ್ಳಿ.

ಇಂಗಳದಾಳ್‌ನಲ್ಲಿ ಹಳೆ ಕಾಲದವರು ಅಗೆದ ಗುಂಡಿಗಳೂ ಇದ್ದವು. ಮುಂದಿನವರಿಗೆ ದಾರಿ ತೋರಿಸಿದ್ದು ಆ ಗುಂಡಿಗಳೇ. ಆಧುನಿಕ ಕಾಲದಲ್ಲಿ ಚಿತ್ರದುರ್ಗ ಕಾಪರ್ ಕಂಪನಿ ಅಲ್ಲಿ ಗಣಿ ನಡೆಸಿತು. ಆಮೇಲೆ ಅದು ಹಟ್ಟಿ ಚಿನ್ನದ ಗಣಿ ಕಂಪನಿಗೆ ಸೇರಿತು. ಅದಿರನ್ನು ಅರೆದು ತಾಮ್ರದ ಅಂಶ ಹೆಚ್ಚಿರುವ ಪುಡಿ ತಯಾರಿಸುತ್ತಿದ್ದ ಅದೇ ಸ್ಥಾವರಕ್ಕೆ ಶಿರಾ ತಾಲೂಕಿನ ಅಜ್ಜನಹಳ್ಳಿಯಿಂದ ಚಿನ್ನದ ಅದಿರು ಬಂದ ಕಾಲವೂ ಇತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯ ಸಿಕ್ಕಿರುವುದು ಗೊತ್ತಲ್ವಾ? ಅದನ್ನೂ ಇತಿಹಾಸದ ಅಧ್ಯಾಯಕ್ಕೆ ಸೇರಿಸೋಣ ಅನ್ನುವ ಆಸೆ ನನಗಿತ್ತು. "ಆ ಸೀಸ ಈ ಗುಡ್ಡದ್ದು ಅನ್ನುವುದಕ್ಕೆ ನಿನ್ನ ಹತ್ತಿರ ಏನಿದೆ?" ಅಂತ ಮೇಡಂ ಕೇಳಿದರು. ಏನೂ ಇರಲಿಲ್ಲ. ತೆಗೆದೆ.

ಆಗಸ್ಟ್‌ನಲ್ಲಿ ಅನುಮತಿ ಕೇಳಿ ಪತ್ರ ಹಾಕಿದೆ. ಇಂಗಳದಾಳ್ ಸುತ್ತ ಮೂರು ತರಹದ ಜಾಗ ಇದೆ: ರೈತರ ಹೊಲ, ಗಣಿ ಗುತ್ತಿಗೆಯ ಜಾಗ, ಜೋಗಿಮಟ್ಟಿ ಕಡೆಯ ಕಾಡು. ಮೂರಕ್ಕೂ ಬೇರೆ ಬೇರೆ ದಾರಿ. ಹೊಲದವರಿಗೆ ಬಾಯಲ್ಲಿ ಕೇಳಿದರೆ ಸಾಕು. ಕಾಡಿನೊಳಗೆ ಸುತ್ತಿಗೆ ಹಿಡಿದು ಹೋಗಿ ಒಂದು ಚೂರು ಕಲ್ಲು ತರಬೇಕಾದರೂ ಲಿಖಿತ ಅನುಮತಿ ಬೇಕು. ನನ್ನ ಪತ್ರ ಒಂದು ಕಚೇರಿಯಲ್ಲಿ ಏಳು ವಾರ ಕೂತಿತ್ತು. ಪ್ರತಿ ಸಲ ಹೋದಾಗ "ಮೇಲಕ್ಕೆ ಕಳಿಸಿದ್ದೀವಿ" ಅನ್ನುತ್ತಿದ್ದರು. ಆಮೇಲೆ ನೋಡಿದರೆ ಪತ್ರದ ಜೊತೆ ನಕ್ಷೆ ಇಲ್ಲ ಅಂತ ಅದು ಟೇಬಲ್ ಬಿಟ್ಟು ಕದಲಿರಲೇ ಇಲ್ಲ. ಅದನ್ನು ಯಾರೂ ನನಗೆ ತಿಳಿಸಿರಲಿಲ್ಲ. ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತುಬಿಟ್ಟೆ. ಸೆಮಿಸ್ಟರ್ ಅರ್ಧ ಮುಗಿದಿತ್ತು, ಕೈಯಲ್ಲಿ ಒಂದು ಕಲ್ಲೂ ಇರಲಿಲ್ಲ.

ಆದ್ದರಿಂದ ವಿಷಯ ಗೊತ್ತಾದ ವಾರವೇ ಪತ್ರ ಹಾಕಿ. ವಿಭಾಗದ ಮುಖ್ಯಸ್ಥರ ಸಹಿ ಮತ್ತು ಸೀಲು, ಗುರುತಿನ ಚೀಟಿಯ ಜೆರಾಕ್ಸ್, ಎಲ್ಲೆಲ್ಲಿ ನಡೆಯುತ್ತೀರಿ ಅಂತ ಗುರುತು ಹಾಕಿದ ನಕ್ಷೆ, ಎಷ್ಟು ಕೆ.ಜಿ. ಕಲ್ಲು ತರುತ್ತೀರಿ ಅನ್ನುವ ಅಂದಾಜು, ಯಾವ ದಿನದಿಂದ ಯಾವ ದಿನದವರೆಗೆ, ಇಷ್ಟೂ ಮೊದಲ ಪತ್ರದಲ್ಲೇ ಇರಲಿ. ಸ್ವೀಕೃತಿ ನಂಬರ್ ಬರೆಸಿಕೊಳ್ಳದೆ ಅಲ್ಲಿಂದ ಏಳಬೇಡಿ. ಗಣಿಯೊಳಗೆ ಇಳಿಯುವ ಆಸೆ ಇಟ್ಟುಕೊಳ್ಳಬೇಡಿ. ಹಳೆ ಸುರಂಗದಲ್ಲಿ ಗಾಳಿ ಇರುವುದಿಲ್ಲ, ಮೇಲಿನ ಕಲ್ಲು ಯಾವಾಗ ಕುಸಿಯುತ್ತದೋ ಹೇಳಲಾಗದು. ಹೊರಗಿನ ಬಂಡೆ ಮತ್ತು ಹಳೆ ವರದಿಯ ಸೆಕ್ಷನ್ ಚಿತ್ರಗಳಿಂದಲೇ (ಗಣಿಯನ್ನು ಮೇಲಿಂದ ಕೆಳಕ್ಕೆ ಕೊಯ್ದ ಹಾಗೆ ತೋರಿಸುವ ಚಿತ್ರ) ನನ್ನ ಪ್ರಾಜೆಕ್ಟ್ ನಡೆಯಿತು.

ಅನುಮತಿ ಬಂದದ್ದು ಡಿಸೆಂಬರ್ ಕೊನೆಗೆ. ಜನವರಿಯಲ್ಲಿ ಚಿತ್ರದುರ್ಗದಲ್ಲಿ ರೂಮ್ ಮಾಡಿ, ದಿನಾ ಬೆಳಿಗ್ಗೆ ಅವಲಕ್ಕಿ ಕಟ್ಟಿಕೊಂಡು ಹೊರಟೆ. ನನ್ನ ಜೊತೆ ಒಬ್ಬ ಜೂನಿಯರ್ ಹುಡುಗಿ, ಮತ್ತೆ ಊರಿನ ಒಬ್ಬ ಅಜ್ಜ. ಅಜ್ಜ ವಯಸ್ಸಿನಲ್ಲಿದ್ದಾಗ ಗಣಿಯಲ್ಲಿ ಕೆಲಸ ಮಾಡಿದವರು. ದಿನಕ್ಕೆ 600 ರೂಪಾಯಿ ಕೂಲಿ ಅಂತ ಮಾತಾಗಿತ್ತು.

ಮೊದಲ ದಿನ ಹಳೆ ನಕ್ಷೆಯಲ್ಲಿದ್ದ ಒಂದು ಅಗೆತದ ಗುಂಡಿ ಹುಡುಕಿಕೊಂಡು ಹೋದೆವು. ನಕ್ಷೆಯ ಅಕ್ಷಾಂಶ ರೇಖಾಂಶ ಫೋನಿಗೆ ಹಾಕಿದ್ದೆ. ಫೋನು ತೋರಿಸಿದ ಜಾಗದಲ್ಲಿ ಬರೀ ಜಾಲಿ ಗಿಡ. ಮಧ್ಯಾಹ್ನದವರೆಗೆ ಸುತ್ತಿದೆವು. ಕೊನೆಗೆ ಅಜ್ಜನೇ, "ನೀ ಹುಡುಕ್ತಿರೋ ಗುಂಡಿ ಅಲ್ಲೈತಲ್ಲವ್ವ" ಅಂತ ಇನ್ನೊಂದು ಏಣಿನ ಕಡೆ ಕೈ ತೋರಿಸಿದರು. ನಕ್ಷೆಯೂ ಸರಿ ಇತ್ತು, ಫೋನೂ ಸರಿ ಇತ್ತು. ಹಳೆ ಟೋಪೋಶೀಟ್‌ಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ ಅನ್ನುವ ಹಳೆ ಲೆಕ್ಕ ಹಿಡಿದವು, ನಮ್ಮ ಫೋನು ಡಬ್ಲ್ಯು.ಜಿ.ಎಸ್. 84 ಅನ್ನುವ ಈಗಿನ ಲೆಕ್ಕದ್ದು. ನಮ್ಮ ಸೀಮೆಯಲ್ಲಿ ಇವೆರಡಕ್ಕೂ ನೂರು ಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಕ್ಯೂ.ಜಿ.ಐ.ಎಸ್. ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಮೊದಲೇ ಹೊಂದಿಸಿಕೊಂಡು ಹೊರಟರೆ ಒಂದು ದಿನ ಉಳಿಯುತ್ತದೆ.

ಅಲ್ಲಿನ ಕಲ್ಲಿನ ಬಗ್ಗೆ ಹೇಳಬೇಕು. ಚಿತ್ರದುರ್ಗದ ಕೋಟೆ ನಿಂತಿರುವುದು ಗ್ರಾನೈಟ್ ಮೇಲೆ. ಅಲ್ಲಿಂದ ಇಂಗಳದಾಳ್ ಕಡೆ ಬಂದರೆ ಕಲ್ಲು ಪೂರ್ತಿ ಬದಲಾಗುತ್ತದೆ. ಹಸಿರು ಛಾಯೆಯ ಕಪ್ಪು ಕಲ್ಲು. ಇದು ಹಿಂದೆ ಲಾವಾ ಆಗಿತ್ತು, ಅದೂ ಸಮುದ್ರದ ತಳದಲ್ಲಿ ಹರಿದ ಲಾವಾ. ಅನುಮಾನ ಇದ್ದರೆ ಮರಡಿಹಳ್ಳಿಗೆ ಹೋಗಿ ನೋಡಿ. ದಿಂಬು ಜೋಡಿಸಿಟ್ಟ ಹಾಗೆ ಕಾಣುವ ಲಾವಾ ಬಂಡೆಗಳಿವೆ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೀರಿನೊಳಗೆ ಲಾವಾ ಹರಿದರೆ ಮಾತ್ರ ಆ ಆಕಾರ ಬರುವುದು. ಗದಗದ ಕಡೆಯಿಂದ ಶ್ರೀರಂಗಪಟ್ಟಣದ ಕಡೆಗೆ ನಾನೂರು ಕಿಲೋಮೀಟರಿಗೂ ಜಾಸ್ತಿ ಉದ್ದಕ್ಕೆ ಹಬ್ಬಿರುವ ಚಿತ್ರದುರ್ಗ ಶಿಸ್ಟ್ (ಪದರ ಪದರವಾಗಿ ಸೀಳುವ ಕಲ್ಲು) ಪಟ್ಟಿಯಲ್ಲಿ ಈ ಲಾವಾ ಪದರಕ್ಕೆ ಇಂಗಳದಾಳ್ ಫಾರ್ಮೇಶನ್ ಅಂತಲೇ ಹೆಸರು. ವಯಸ್ಸು 250 ಕೋಟಿ ವರ್ಷಕ್ಕೂ ಮೇಲೆ.

ಈ ಲಾವಾ ಕಲ್ಲು ಉದ್ದಕ್ಕೆ ಸೀಳಿ, ಜಜ್ಜಿ, ಹಸಿರು ಕ್ಲೋರೈಟ್ ಪುಡಿಯ ಹಾಗೆ ಆಗಿರುವ ಪಟ್ಟೆಗಳಿವೆ. ಶಿಯರ್ ಝೋನ್ ಅನ್ನುತ್ತೇವೆ. ಅದಿರು ಇರುವುದು ಅದರೊಳಗೆ. ಬೆಣಚುಕಲ್ಲಿನ ಬಿಳಿ ಎಳೆಗಳು, ಅವುಗಳ ಅಂಚಿನಲ್ಲಿ ಸಲ್ಫೈಡ್, ಅಂದರೆ ಲೋಹದ ಜೊತೆ ಗಂಧಕ ಸೇರಿದ ಖನಿಜ. ಮೇಲ್ಗಡೆ ಮಾತ್ರ ಹಾಗೆ ಕಾಣುವುದಿಲ್ಲ. ಮಳೆ ಗಾಳಿಗೆ ಸಲ್ಫೈಡ್ ಕೊಳೆತು ಕಂದು ಬಣ್ಣದ, ಜೇನುಗೂಡಿನ ಹಾಗೆ ತೂತು ತೂತಾದ ಕಬ್ಬಿಣದ ಕಲ್ಲು ಆಗಿರುತ್ತದೆ. ಅದಕ್ಕೆ ಗೊಸ್ಸಾನ್ ಅಂತ ಹೆಸರು. ಅದರ ಬಿರುಕಲ್ಲಿ ಹಸಿರು ಮ್ಯಾಲಕೈಟ್ ಬಳಿದ ಹಾಗೆ ಕಂಡರೆ ತಾಮ್ರ ಹತ್ತಿರದಲ್ಲೇ ಇದೆ ಅಂತ ತಿಳಿಯಿರಿ.

ಐದನೇ ದಿನ ಒಂದು ಕಡೆ ಸುತ್ತಿಗೆ ಹೊಡೆದಾಗ ಬೆಳ್ಳುಳ್ಳಿ ವಾಸನೆ ಬಂತು. ಅವಲಕ್ಕಿಯ ಒಗ್ಗರಣೆ ವಾಸನೆ ಇರಬೇಕು ಅಂತ ಡಬ್ಬಿ ಮುಚ್ಚಿದೆ. ಮತ್ತೆ ಹೊಡೆದೆ, ಮತ್ತೆ ಬಂತು. ಆಮೇಲೆ ಹೊಳೆಯಿತು, ಅದು ಆರ್ಸೆನೊಪೈರೈಟ್. ಬಿಸಿಯಾದ ಆರ್ಸೆನಿಕ್‌ಗೆ ಬೆಳ್ಳುಳ್ಳಿ ವಾಸನೆ ಇರುತ್ತದೆ ಅಂತ ಮೊದಲ ವರ್ಷದ ಪಾಠದಲ್ಲೇ ಓದಿದ್ದೆ. ಆ ಕ್ಷಣದ ಖುಷಿ ಹೇಳಲಾರೆ. ಆದರೆ ನೆನಪಿಡಿ, ಅದು ವಿಷ. ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ. ಆ ಕಲ್ಲನ್ನು ಊಟದ ಬ್ಯಾಗಿಗೆ ಹಾಕಬೇಡಿ.

ಕಂಪಾಸ್ ಕೂಡ ಎರಡು ದಿನ ಕಾಟ ಕೊಟ್ಟಿತು. ಎಲ್ಲ ಕಡೆ ಎಳೆಗಳು ಉತ್ತರ-ವಾಯವ್ಯಕ್ಕೆ ಹೋಗುತ್ತಿದ್ದರೆ, ಒಂದು ಬಂಡೆಯ ಹತ್ತಿರ ಮಾತ್ರ ಪೂರ್ವಕ್ಕೆ ತಿರುಗಿದ ಹಾಗೆ ಓದು ಬರುತ್ತಿತ್ತು. ಏನೋ ಹೊಸದು ಸಿಕ್ಕಿತು ಅಂದುಕೊಂಡೆ. ಎರಡು ಹೆಜ್ಜೆ ಹಿಂದೆ ಬಂದರೆ ಮುಳ್ಳು ಸರಿಯಾಗುತ್ತಿತ್ತು. ಆ ಬಂಡೆಯಲ್ಲಿ ಪಿರೊಟೈಟ್ ಅನ್ನುವ ಕಬ್ಬಿಣದ ಸಲ್ಫೈಡ್ ಜಾಸ್ತಿ ಇತ್ತು, ಅದಕ್ಕೆ ಅಯಸ್ಕಾಂತದ ಗುಣ ಇದೆ. ಅಂಥ ಕಡೆ ಎಳೆಯ ಎರಡು ತುದಿಯಲ್ಲಿ ಜಿ.ಪಿ.ಎಸ್. ಪಾಯಿಂಟ್ ತಗೊಂಡು ದಿಕ್ಕು ಲೆಕ್ಕ ಹಾಕುವುದು ಒಳ್ಳೆಯದು.

ಗಣಿಯ ಹಳೆ ಕಲ್ಲುರಾಶಿಯ ಹತ್ತಿರ ನನಗೆ ಸಿಕ್ಕ ಚೂರುಗಳು ಎಲ್ಲಕ್ಕಿಂತ ಚೆನ್ನಾಗಿದ್ದವು. ತಾಮ್ರದ ಮುಖ್ಯ ಖನಿಜವಾದ ಹಳದಿ ಚಾಲ್ಕೊಪೈರೈಟ್ ಮಿರುಗುತ್ತಿತ್ತು. ಅದನ್ನೇ ನಕ್ಷೆಯಲ್ಲಿ ಗುರುತು ಹಾಕಲು ಹೊರಟಿದ್ದೆ. ಅಜ್ಜ ತಡೆದರು. "ಇಲ್ಲಿ ಬಿದ್ದಿರೋದು ಇಲ್ಲಿಂದಲ್ಲವ್ವ. ಎಲ್ಲಾ ಕೆಳಗಿಂದ ತಂದು ಸುರಿದಿದ್ದು. ಯಾವ ಲೆವೆಲ್‌ದು ಅಂತ ಸುರಿದೋರಿಗೂ ಗೊತ್ತಿರ್ತಿರ್ಲಿಲ್ಲ." ಆ ಒಂದು ಮಾತಿನಿಂದ ನನ್ನ ನಕ್ಷೆ ಉಳಿಯಿತು. ರಾಶಿಯಿಂದ ತಂದ ಕಲ್ಲಿನ ಚೀಟಿಯಲ್ಲಿ "ಡಂಪ್" ಅಂತ ದಪ್ಪಗೆ ಬರೆಯಿರಿ. ಖನಿಜ ನೋಡುವುದಕ್ಕೆ ಅದು ಸಾಕು, ಜಾಗ ಹೇಳುವುದಕ್ಕೆ ಬರುವುದಿಲ್ಲ. ಚಾಲ್ಕೊಪೈರೈಟೋ, ಅದರ ಹಾಗೇ ಕಾಣುವ ಕಬ್ಬಿಣದ ಸಲ್ಫೈಡ್ ಪೈರೈಟೋ ಗೊತ್ತಾಗದಿದ್ದರೆ ಚಾಕುವಿನಲ್ಲಿ ಗೀರಿ. ಚಾಲ್ಕೊಪೈರೈಟ್ ಗೀರುತ್ತದೆ, ಪೈರೈಟ್ ಗೀರುವುದಿಲ್ಲ.

ಫೆಬ್ರವರಿಯಲ್ಲಿ 12 ಪಾಲಿಶ್ಡ್ ಸೆಕ್ಷನ್, ಅಂದರೆ ಮೈಕ್ರೋಸ್ಕೋಪಿನಲ್ಲಿ ನೋಡಲು ಕೊಯ್ದು ಹೊಳಪು ಕೊಟ್ಟ ಕಲ್ಲಿನ ಚೂರು ಮಾಡಿಸಿದೆ. ಒಂದಕ್ಕೆ 800 ರೂಪಾಯಿ ಕೊಟ್ಟೆ. ಮೊದಲ ಸಲ ಅವುಗಳನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡಿದ ಸಂಜೆ ಮರೆಯಲಾರೆ. ಸತುವಿನ ಖನಿಜ ಸ್ಫಾಲರೈಟ್ ಬೂದಿ ಬಣ್ಣಕ್ಕೆ ಕಾಣುತ್ತದೆ. ಆ ಬೂದಿಯ ಒಳಗೆಲ್ಲ ಸಾಸಿವೆಗಿಂತ ಎಷ್ಟೋ ಸಣ್ಣ ಹಳದಿ ಚುಕ್ಕಿಗಳು ಚೆಲ್ಲಿದ್ದವು. ಅವು ಚಾಲ್ಕೊಪೈರೈಟ್. ಇದಕ್ಕೆ ಚಾಲ್ಕೊಪೈರೈಟ್ ರೋಗ ಅಂತಲೇ ಹೆಸರಿದೆ. ಸೀಸದ ಗ್ಯಾಲಿನಾದಲ್ಲಿ ಪಾಲಿಶ್ ಮಾಡುವಾಗ ಕಿತ್ತುಹೋದ ಜಾಗ ಚೊಕ್ಕ ತ್ರಿಕೋನವಾಗಿ ಕಾಣುತ್ತದೆ. ಹಾಗಾಗಿ ಅದನ್ನು ಗುರುತಿಸುವುದು ಸುಲಭ. ಪೈರೈಟ್ ಚೌಕಗಳು ಒಡೆದು, ಆ ಬಿರುಕಿನೊಳಗೆ ಚಾಲ್ಕೊಪೈರೈಟ್ ಹರಿದು ತುಂಬಿಕೊಂಡಿತ್ತು. ಅಂದರೆ ಪೈರೈಟ್ ಮೊದಲು, ತಾಮ್ರ ಆಮೇಲೆ. ಇಡೀ ಪ್ರಾಜೆಕ್ಟಿನಲ್ಲಿ ನಾನೇ ಕಣ್ಣಾರೆ ಕಂಡು ಬರೆದ ಮುಖ್ಯ ಸಂಗತಿ ಅದು.

ಮಾರ್ಚ್‌ನಲ್ಲಿ ರಾಸಾಯನಿಕ ಪರೀಕ್ಷೆಗೆ 24 ಪೊಟ್ಟಣ ಕಳಿಸಿದೆ. ಅದರಲ್ಲಿ 21 ನಿಜವಾದ ಸ್ಯಾಂಪಲ್. ಎರಡು ನಕಲು, ಅಂದರೆ ಅದೇ ಕಲ್ಲಿನ ಪುಡಿ ಬೇರೆ ನಂಬರಿನಲ್ಲಿ. ಇನ್ನೊಂದು ಏನೂ ಇಲ್ಲದ ಬಿಳಿ ಬೆಣಚುಕಲ್ಲಿನ ಪುಡಿ. ಒಂದು ಪೊಟ್ಟಣಕ್ಕೆ 900 ರೂಪಾಯಿ. ಮೂರು ಪೊಟ್ಟಣದ 2,700 ರೂಪಾಯಿ ಸುಮ್ನೆ ದಂಡ ಅಂತ ನಾನು ಗೊಣಗಿದ್ದೆ. ಮೇಡಂ ಒಪ್ಪಲಿಲ್ಲ.

ಐದು ವಾರದ ನಂತರ ಫಲಿತಾಂಶ ಬಂತು. 11ನೇ ಪೊಟ್ಟಣದಲ್ಲಿ ತಾಮ್ರ 1.9 ಪರ್ಸೆಂಟ್ ಅಂತಿತ್ತು. 11ನೆಯದೇ ಏನೂ ಇಲ್ಲದ ಬೆಣಚುಕಲ್ಲು! ಕಣ್ಣಿಗೇ ಸಲ್ಫೈಡ್ ಕಾಣುತ್ತಿದ್ದ 10ನೆಯದರಲ್ಲಿ ತಾಮ್ರ ಇಲ್ಲವೇ ಇಲ್ಲ. ಮೊದಲ ನಕಲು ಸರಿಹೊಂದಿತು, ಎರಡನೆಯದು ಹೊಂದಲಿಲ್ಲ. ರಾತ್ರಿಯೆಲ್ಲ ಕೂತು ನೋಡಿದೆ. 10ರಿಂದ ಮುಂದಿನ ನಂಬರ್‌ಗಳೆಲ್ಲ ಒಂದೊಂದು ಸ್ಥಾನ ಜರುಗಿದ್ದವು. ಬೆಳಿಗ್ಗೆ ಲ್ಯಾಬಿಗೆ ಫೋನ್ ಮಾಡಿದೆ, ಮೊದಲು ಒಪ್ಪಲಿಲ್ಲ. ಬೆಣಚುಕಲ್ಲಿನ ವಿಷಯ ಬರೆದು ಮೇಲ್ ಹಾಕಿದ ಮೇಲೆ ಹುಡುಕಿ ನೋಡಿದರು. 10ನೇ ಪೊಟ್ಟಣ ಪಕ್ಕಕ್ಕೆ ಸರಿದು ಕೊನೆಯಲ್ಲಿ ಪರೀಕ್ಷೆ ಆಗಿತ್ತು. ದುಡ್ಡು ತಗೊಳ್ಳದೆ ಮತ್ತೆ ಮಾಡಿಕೊಟ್ಟರು, ಆದರೆ ಮೂರು ವಾರ ಹೋಯಿತು. ಆ ಮೂರು ಪೊಟ್ಟಣ ಇಲ್ಲದಿದ್ದರೆ ನಾನು ಹದಿನೈದು ತಪ್ಪು ಅಂಕಿಗಳ ಮೇಲೆ ಒಂದು ಅಧ್ಯಾಯ ಬರೆದಿರುತ್ತಿದ್ದೆ. ಪೊಟ್ಟಣ ಕಳಿಸುವ ಮುಂಚೆ ಪ್ರತಿಯೊಂದರ ಫೋಟೋ ತೆಗೆದಿಡಿ. ಅರ್ಧ ಪುಡಿ ನಿಮ್ಮ ಹತ್ತಿರವೇ ಇರಲಿ.

ಒಟ್ಟು ಖರ್ಚು 52,000 ರೂಪಾಯಿ ಹತ್ತಿರ ಆಯಿತು. ಪರೀಕ್ಷೆಗೇ 21,600. ಸೆಕ್ಷನ್‌ಗೆ 9,600. ಉಳಿದದ್ದು ರೂಮು, ಬಸ್ಸು, ಕೂಲಿ, ಪ್ರಿಂಟು. ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ ಕೊಟ್ಟರು. ಗುಂಪಾಗಿ ಒಂದೇ ಲ್ಯಾಬಿಗೆ ಕಳಿಸಿದರೆ ಸ್ವಲ್ಪ ಕಡಿಮೆ ಮಾಡುತ್ತಾರೆ, ಕೇಳಿ ನೋಡಿ.

ವೈವಾದಲ್ಲಿ ಬಂದದ್ದು ಒಂದೇ ದೊಡ್ಡ ಪ್ರಶ್ನೆ. ಈ ಅದಿರು ಸಮುದ್ರದ ತಳದಲ್ಲಿ ಲಾವಾದ ಜೊತೆಗೇ ಹುಟ್ಟಿದ್ದೋ, ಆಮೇಲೆ ಬಿರುಕಿನಲ್ಲಿ ಬಿಸಿನೀರು ತಂದು ತುಂಬಿದ್ದೋ? ಇಂಗಳದಾಳ್ ಬಗ್ಗೆ ಬರೆದವರಲ್ಲಿ ಎರಡೂ ಪಕ್ಷದವರಿದ್ದಾರೆ. ಲಾವಾದ ನಡುವೆ ಸಮುದ್ರದ ತಳದಲ್ಲಿ ಕೂತ ಚರ್ಟ್ ಅನ್ನುವ ಗಟ್ಟಿ ಕಲ್ಲಿನ ಪದರಗಳಲ್ಲೂ ಸಲ್ಫೈಡ್ ಇದೆ, ಅದು ಮೊದಲಿನ ವಾದಕ್ಕೆ ಬಲ. ಎಳೆಗಳು ಶಿಯರ್ ಹಿಡಿದೇ ಹೋಗುತ್ತವೆ, ಅದು ಎರಡನೆಯದಕ್ಕೆ. ಪೈರೈಟಿನಲ್ಲಿ ಕೋಬಾಲ್ಟ್ ನಿಕಲ್‌ಗಿಂತ ಜಾಸ್ತಿ ಇದ್ದರೆ ಅದು ಬರೀ ಕೆಸರಿನಲ್ಲಿ ಹುಟ್ಟಿದ್ದಲ್ಲ ಅಂತ ಹೇಳಬಹುದು, ಆದರೆ ಈ ಎರಡರಲ್ಲಿ ಯಾವುದು ಅಂತ ಅದೊಂದೇ ತೀರ್ಮಾನ ಮಾಡುವುದಿಲ್ಲ. ನಾನು ಕಂಡದ್ದನ್ನೇ ಹೇಳಿದೆ: ಪೈರೈಟ್ ಹಳೆಯದು, ಅದು ಒಡೆದಿದೆ, ತಾಮ್ರ ಆ ಒಡಕಿನಲ್ಲಿದೆ. ಮೊದಲೇ ಇದ್ದ ಸಲ್ಫೈಡ್ ಆಮೇಲೆ ಶಿಯರ್ ಆದಾಗ ಕರಗಿ ಎಳೆಗಳಿಗೆ ಸರಿದಿರಬೇಕು ಅಂತ ನನ್ನ ಅಭಿಪ್ರಾಯ ಅಂದೆ. ಪರೀಕ್ಷಕರು ಸೆಕ್ಷನ್ ತರಿಸಿ, ತಾವೇ ಮೈಕ್ರೋಸ್ಕೋಪಿನಲ್ಲಿ ಹತ್ತು ನಿಮಿಷ ನೋಡಿದರು. ಆಮೇಲೆ ಮುಂದಿನ ಪುಟ ತಿರುಗಿಸಿದರು.

ನಿನ್ನೆ ಪ್ರಾಜೆಕ್ಟಿನ ಒಂದು ಪ್ರತಿ ತಗೊಂಡು ಇಂಗಳದಾಳ್‌ಗೆ ಹೋಗಿದ್ದೆ. ಅಜ್ಜನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಹಳೆ ವರದಿಯಿಂದ ತೆಗೆದು ಹಾಕಿದ್ದ ಗಣಿಯ ಸೆಕ್ಷನ್ ಚಿತ್ರ ಬಂದಾಗ ಪುಟ ಹಿಡಿದು ನಿಲ್ಲಿಸಿದರು. ಶಾಫ್ಟಿನ ಗೆರೆಯ ಮೇಲೆ ಬೆರಳಿಟ್ಟು ಕೆಳಕ್ಕೆ ಒಂದೊಂದೇ ಲೆವೆಲ್ ಎಣಿಸಿಕೊಂಡು ಬಂದು, ಒಂದು ಕಡೆ ನಿಂತು, "ಇಲ್ಲಿ ನೋಡವ್ವ, ಇಲ್ಲಿದ್ದೆ ನಾನು" ಅಂದರು.